ಕಡಲಡಿಯಲ್ಲಿ ಕಡಿದ ಎಳೆಯ ಹುಡುಕಾಟ

ನನ್ನ ಕೈಯಲ್ಲಿರುವ ಈ ಕರಿಯ ತುಂಡನ್ನು ಮುಂದಿನ ಸಾಲಿನಿಂದ ಆರಂಭಿಸಿ ಒಬ್ಬರಿಂದೊಬ್ಬರಿಗೆ ದಾಟಿಸಿ, ಎಲ್ಲರೂ ಒಮ್ಮೆ ಮುಟ್ಟಿ ನೋಡಿ. ತೋಟಕ್ಕೆ ನೀರು ಹಾಯಿಸುವ ಪೈಪಿನಷ್ಟು, ಅಂದರೆ ಸುಮಾರು ಎರಡು ಸೆಂಟಿಮೀಟರ್ ದಪ್ಪವಿರುವ ಇದು ಆಳಸಮುದ್ರದ ಆಪ್ಟಿಕಲ್ ಫೈಬರ್ ಕೇಬಲ್ಲಿನ ಮಾದರಿ. ಸೂರ್ಯನ ಬೆಳಕೇ ಇಳಿಯದ ನಾಲ್ಕೈದು ಕಿಲೋಮೀಟರ್ ಆಳದಲ್ಲಿ, ಒಂದು ಖಂಡದಿಂದ ಇನ್ನೊಂದು ಖಂಡದವರೆಗೆ ಮಲಗಿರುವ ಕೇಬಲ್ ಇಷ್ಟೇ ಗಾತ್ರದ್ದು. ಕತ್ತರಿಸಿದ ತುದಿಯನ್ನು ಗಮನಿಸಿದರೆ ಹೊರಗೆ ಪಾಲಿಥಿನ್ ಪದರ, ಅದರೊಳಗೆ ತಾಮ್ರದ ಕೊಳವೆ, ತಾಮ್ರದೊಳಗೆ ಒತ್ತಾಗಿ ಸುತ್ತಿದ ಉಕ್ಕಿನ ತಂತಿಗಳು, ಅವುಗಳ ನಡುವೆ ಜೆಲ್ ತುಂಬಿದ ಒಂದು ಸಣ್ಣ ನಳಿಕೆ ಕಾಣುತ್ತದೆ. ಆ ನಳಿಕೆಯಿಂದ ಹೊರಚಾಚಿರುವ, ಕೂದಲಿನಷ್ಟು ತೆಳುವಾದ ಗಾಜಿನ ಎಳೆಗಳಿಗಾಗಿಯೇ ಉಳಿದೆಲ್ಲ ಪದರಗಳೂ ಇರುವುದು.

ಆಳ ಹೆಚ್ಚಿದಷ್ಟೂ ಕೇಬಲ್ ದಪ್ಪವಾಗಬೇಕು ಎಂದು ನಮಗೆ ಸಹಜವಾಗಿ ಅನಿಸುತ್ತದೆ. ವಾಸ್ತವದಲ್ಲಿ ದಡದ ಹತ್ತಿರ ಬಂದಂತೆ ಕೇಬಲ್ಲಿನ ಮೇಲೆ ಒಂದೋ ಎರಡೋ ಸುತ್ತು ಉಕ್ಕಿನ ಕವಚ ಹೊದಿಸುತ್ತಾರೆ, ಸಮುದ್ರತಳದಲ್ಲಿ ಮೀಟರಿನಷ್ಟು ಆಳಕ್ಕೆ ಉತ್ತು ಅದನ್ನು ಹೂಳುತ್ತಾರೆ. ನೀರಿನ ಒತ್ತಡವನ್ನು ಈ ಕೇಬಲ್ ಸುಲಭವಾಗಿ ತಡೆದುಕೊಳ್ಳುತ್ತದೆ. ಅದಕ್ಕೆ ಅಪಾಯವಿರುವುದು ಮನುಷ್ಯರು ಬಲೆ ಎಳೆಯುವ, ಲಂಗರು ಇಳಿಸುವ ಆಳವಿಲ್ಲದ ನೀರಿನಲ್ಲಿ. ಜಗತ್ತಿನ ಕಡಲ ಕೇಬಲ್‌ಗಳಲ್ಲಿ ವರ್ಷಕ್ಕೆ ಸುಮಾರು 150ರಿಂದ 200 ಕಡಿತಗಳು ಆಗುತ್ತವೆ. ಅವುಗಳಲ್ಲಿ ಬಹುಪಾಲು ಮೀನುಗಾರಿಕೆಯಿಂದ ಮತ್ತು ಲಂಗರುಗಳಿಂದ ಆದವು. ಶಾರ್ಕ್ ಮೀನು ಕೇಬಲ್ ಕಚ್ಚುವ ಕಥೆಯನ್ನು ನಿಮ್ಮಲ್ಲಿ ಕೆಲವರು ಓದಿರಬಹುದು. 1980ರ ದಶಕದಲ್ಲಿ ಕೆನರಿ ದ್ವೀಪಗಳ ಬಳಿ ಪ್ರಯೋಗಕ್ಕೆ ಹಾಕಿದ್ದ ಕೇಬಲ್ಲಿನಲ್ಲಿ ಶಾರ್ಕಿನ ಹಲ್ಲು ಸಿಕ್ಕಿದ್ದು ನಿಜ, ಆದರೆ ಒಟ್ಟು ಕಡಿತಗಳ ಲೆಕ್ಕದಲ್ಲಿ ಅದರ ಪಾಲು ನಗಣ್ಯ.

ನಾನು ಇಂದು ಮುಖ್ಯವಾಗಿ ಮಾತನಾಡಬೇಕೆಂದಿರುವುದು ಈ ಕಡಿತಗಳ ಬಗ್ಗೆ, ಅವುಗಳನ್ನು ಸರಿಪಡಿಸುವ ಕೆಲಸದ ಬಗ್ಗೆ. ಸಾಗರದಾಚೆಗೆ ಕೇಬಲ್ ಹಾಕಿದ ಸಾಹಸವನ್ನು ಎಲ್ಲ ಕಡೆ ಬರೆದಿದ್ದಾರೆ. ಆದರೆ ಕಡಿದ ಕೇಬಲ್ಲನ್ನು ಕಿಲೋಮೀಟರುಗಟ್ಟಲೆ ಆಳದಿಂದ ಹುಡುಕಿ ತೆಗೆದು ಜೋಡಿಸುವ ವಿದ್ಯೆ ಕೈಗೆ ಹತ್ತಿದ ಮೇಲೆಯೇ ಈ ವ್ಯವಸ್ಥೆ ನಂಬಿಕೆಗೆ ಅರ್ಹವಾಯಿತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇದಕ್ಕೆ ಆಧಾರ ಅಟ್ಲಾಂಟಿಕ್ ಸಾಗರದ ಮೊದಲ ಟೆಲಿಗ್ರಾಫ್ ಕೇಬಲ್‌ಗಳ ಚರಿತ್ರೆಯಲ್ಲೇ ಇದೆ.

ಐರ್ಲೆಂಡಿನ ವೆಲೆನ್ಶಿಯಾ ದ್ವೀಪದಿಂದ ನ್ಯೂಫೌಂಡ್‌ಲ್ಯಾಂಡಿನವರೆಗೆ 1858ರ ಆಗಸ್ಟ್‌ನಲ್ಲಿ ಮೊದಲ ಕೇಬಲ್ ಹಾಕಿ ಮುಗಿಸಿದರು. ರಾಣಿ ವಿಕ್ಟೋರಿಯಾ ಅಮೆರಿಕದ ಅಧ್ಯಕ್ಷ ಬ್ಯುಕ್ಯಾನನ್‌ಗೆ ಕಳುಹಿಸಿದ, ನೂರು ಪದಗಳೂ ಇಲ್ಲದ ಸಂದೇಶ ಆಚೆ ದಡ ಮುಟ್ಟಲು ಸುಮಾರು 16 ಗಂಟೆ ಹಿಡಿಯಿತು. ಸಂಕೇತ ಮಂದವಾಗಿದೆ ಎಂದು ವೈಲ್ಡ್‌ಮನ್ ವೈಟ್‌ಹೌಸ್ ಎಂಬ ತಂತ್ರಜ್ಞರು ಸುಮಾರು 2,000 ವೋಲ್ಟ್‌ಗಳ ಒತ್ತಡ ಹೇರಿದ್ದರಿಂದ, ಮೊದಲೇ ದೋಷವಿದ್ದ ಆ ಕೇಬಲ್ ಕೆಲವೇ ವಾರಗಳಲ್ಲಿ ಪೂರ್ತಿ ಮೌನವಾಯಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳದಿಂದ ಅದನ್ನು ಮೇಲೆತ್ತಿ ಸರಿಪಡಿಸಲು ಆಗ ಯಾರಿಗೂ ಸಾಧ್ಯವಾಗಲಿಲ್ಲ, ಹಾಕಿದ ಹಣವೆಲ್ಲ ನೀರುಪಾಲಾಯಿತು.

1865ರಲ್ಲಿ, ಆ ಕಾಲದ ಅತಿ ದೊಡ್ಡ ಹಡಗಾಗಿದ್ದ ಗ್ರೇಟ್ ಈಸ್ಟರ್ನ್ ಮತ್ತೆ ಕೇಬಲ್ ಹೊತ್ತು ಹೊರಟಿತು. ದಾರಿಯ ಬಹುಭಾಗ ಸವೆಸಿದ ಮೇಲೆ, ಆಗಸ್ಟ್ 2ರಂದು, ಕೇಬಲ್ ತುಂಡಾಗಿ ಅದರ ತುದಿ ಜಾರಿ ತಳ ಸೇರಿತು. ಹಡಗಿನವರು ಉದ್ದನೆಯ ಹಗ್ಗಕ್ಕೆ ಕಬ್ಬಿಣದ ಕೊಕ್ಕೆ ಕಟ್ಟಿ ಇಳಿಬಿಟ್ಟು ಜಾಲಾಡಿದರು. ಕೇಬಲ್ ಕೊಕ್ಕೆಗೆ ಸಿಕ್ಕಿತು, ಎಳೆಯುವಾಗ ಹಗ್ಗ ಹರಿಯಿತು. ಮತ್ತೆ ಸಿಕ್ಕಿತು, ಮತ್ತೆ ಹರಿಯಿತು. ಹಗ್ಗವೇ ಮುಗಿದುಹೋದಾಗ ಆ ಜಾಗವನ್ನು ಗುರುತು ಹಾಕಿಕೊಂಡು ಹಿಂದಿರುಗಿದರು. ಮರುವರ್ಷ ಜುಲೈ 27ರಂದು ಹೊಸ ಕೇಬಲ್ಲನ್ನು ಯಶಸ್ವಿಯಾಗಿ ದಡ ಮುಟ್ಟಿಸಿದ ಅದೇ ಹಡಗು, ಅಷ್ಟಕ್ಕೇ ತೃಪ್ತಿಪಡದೆ ಹಳೆಯ ತುದಿಯನ್ನು ಹುಡುಕಿಕೊಂಡು ನಡುಗಡಲಿಗೆ ಮರಳಿತು. ಹಲವು ವಾರಗಳ ಜಾಲಾಟದ ನಂತರ, ಸೆಪ್ಟೆಂಬರ್ ಆರಂಭದಲ್ಲಿ, ಸುಮಾರು ಮೂರೂವರೆ ಕಿಲೋಮೀಟರ್ ಆಳದಿಂದ ಆ ಕೇಬಲ್ ಹಡಗಿನ ಮೇಲಕ್ಕೆ ಬಂತು.

ಇಲ್ಲಿ ನಾನು ವೆಲೆನ್ಶಿಯಾದ ಟೆಲಿಗ್ರಾಫ್ ಕೇಂದ್ರದ ಸಣ್ಣ ಕೋಣೆಯ ಕಡೆಗೆ ನಿಮ್ಮ ಗಮನ ಸೆಳೆಯಬೇಕು. ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು, ರೂಪಿಸಿದ ಕನ್ನಡಿಯ ಗ್ಯಾಲ್ವನೋಮೀಟರ್ ಅಲ್ಲಿತ್ತು. ಕೇಬಲ್ಲಿನಲ್ಲಿ ಅತಿ ಸಣ್ಣ ವಿದ್ಯುತ್ ಹರಿದರೂ ಒಳಗಿನ ಪುಟ್ಟ ಕನ್ನಡಿ ತಿರುಗಿ, ಅಳತೆಪಟ್ಟಿಯ ಮೇಲೆ ಬಿದ್ದ ಬೆಳಕಿನ ಚುಕ್ಕೆ ಪಕ್ಕಕ್ಕೆ ಸರಿಯುತ್ತಿತ್ತು. ಇನ್ನೊಂದು ತುದಿ ಸಾಗರದ ತಳದಲ್ಲಿ ಬಿದ್ದಿದ್ದ ಆ ಕೇಬಲ್ಲಿಗೂ ಅಲ್ಲಿಯವರು ಕಾವಲು ಬಿಟ್ಟಿರಲಿಲ್ಲ. ವರ್ಷಕ್ಕೂ ಹೆಚ್ಚು ಕಾಲ ಅರ್ಥವಿಲ್ಲದ ಅಲುಗಾಟಗಳನ್ನಷ್ಟೇ ತೋರಿಸಿದ್ದ ಚುಕ್ಕೆ, ಒಂದು ನಸುಕಿನಲ್ಲಿ ಅಕ್ಷರಗಳ ಲಯದಲ್ಲಿ ಚಲಿಸಲಾರಂಭಿಸಿತು. ಸಾವಿರ ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿ ಹಡಗಿನವರು ಕೇಬಲ್ಲಿನ ತುದಿಯನ್ನು ಕೈಯಲ್ಲಿ ಹಿಡಿದು ಮಾತನಾಡಿಸುತ್ತಿದ್ದರು. ಸೆಪ್ಟೆಂಬರ್ 8ರಂದು ಆ ಕೇಬಲ್ಲನ್ನೂ ಪೂರ್ತಿಗೊಳಿಸಿ, ಅಟ್ಲಾಂಟಿಕ್‌ನಲ್ಲಿ ಏಕಕಾಲಕ್ಕೆ ಎರಡು ಸಂಪರ್ಕಗಳು ದೊರೆತವು. ಇದೇ ಗ್ರೇಟ್ ಈಸ್ಟರ್ನ್ 1870ರಲ್ಲಿ ಮುಂಬೈಯಿಂದ ಏಡನ್‌ಗೆ ಕೇಬಲ್ ಹಾಕಿ ನಮ್ಮ ದೇಶವನ್ನೂ ಈ ಜಾಲಕ್ಕೆ ಸೇರಿಸಿತು.

ವಿಷಯದಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಇನ್ನೊಂದು ಮಾತು ಹೇಳುತ್ತೇನೆ. ಆ ಕಾಲದಲ್ಲಿ ಪಾಲಿಥಿನ್ ಇರಲಿಲ್ಲ. ತಾಮ್ರದ ತಂತಿಗೆ ನೀರು ತಾಗದಂತೆ ಕಾಪಾಡಿದ್ದು ಗಟ್ಟಾಪರ್ಚಾ ಎಂಬ ಅಂಟು. ಮಲಯ ಮತ್ತು ಅದರ ಸುತ್ತಲಿನ ದ್ವೀಪಗಳ ಕಾಡುಗಳಲ್ಲಿ ಬೆಳೆಯುವ ಮರದ ಹಾಲು ಅದು. ರಬ್ಬರ್ ಮರದಂತೆ ಗೀರು ಹಾಕಿ ಹಾಲು ಇಳಿಸುವ ಬದಲು ಮರವನ್ನೇ ಉರುಳಿಸಿ ಅದನ್ನು ತೆಗೆಯುತ್ತಿದ್ದರು, ಹೀಗಾಗಿ ಲಕ್ಷಾಂತರ ಮರಗಳು ನೆಲಕ್ಕುರುಳಿದವು. ಲಂಡನ್ನಿನ ಮತ್ತು ನ್ಯೂಯಾರ್ಕಿನ ವ್ಯಾಪಾರಿಗಳು ಕ್ಷಣಮಾತ್ರದಲ್ಲಿ ದರ ತಿಳಿದುಕೊಳ್ಳುವಂತಾದದ್ದಕ್ಕೆ ಆ ಕಾಡುಗಳು ತೆತ್ತ ಬೆಲೆಯನ್ನು ಕೇಬಲ್ಲಿನ ಚರಿತ್ರೆ ಬರೆಯುವವರು ಮರೆಯಬಾರದು.

ಈಗ ಗಾಜಿನ ಎಳೆಗೆ ಬರೋಣ. ಸಾಧಾರಣ ಗಾಜಿನಲ್ಲಿ ಬೆಳಕು ಬಹಳ ದೂರ ಹೋಗುವುದಿಲ್ಲ. ಕಿಟಕಿಯ ಗಾಜನ್ನು ಅಂಚಿನ ಕಡೆಯಿಂದ ನೋಡಿದರೆ ಅದು ಹಸಿರಾಗಿ ಕಾಣುವುದು ಒಳಗಿನ ಕಲ್ಮಷದಿಂದ. ಗಾಜನ್ನು ಶುದ್ಧೀಕರಿಸಿದರೆ ಬೆಳಕಿನಲ್ಲಿ ದೂರಸಂಪರ್ಕ ಸಾಧ್ಯ ಎಂದು ಚಾರ್ಲ್ಸ್ ಕಾವೊ 1966ರಲ್ಲಿ ವಾದಿಸಿದರು; ಒಂದು ಕಿಲೋಮೀಟರ್ ಸಾಗಿದ ಮೇಲೆ ಹಾಕಿದ ಬೆಳಕಿನ ನೂರರಲ್ಲಿ ಒಂದು ಪಾಲು ಉಳಿದರೂ ಸಾಕು ಎಂಬುದು ಅವರು ಇಟ್ಟ ಗುರಿ. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ವಿಜ್ಞಾನಿಗಳು ಆ ಗುರಿಯನ್ನು ದಾಟಿದರು, 2009ರಲ್ಲಿ ಕಾವೊ ಅವರಿಗೆ ನೊಬೆಲ್ ಬಂತು. ಇಂದಿನ ಗಾಜಿನಲ್ಲಿ ಅದೇ ಒಂದು ಪಾಲು ಬೆಳಕು ನೂರು ಕಿಲೋಮೀಟರ್ ಆದ ಮೇಲೂ ಉಳಿದಿರುತ್ತದೆ. ಅಟ್ಲಾಂಟಿಕ್ ದಾಟಿದ ಮೊದಲ ಫೈಬರ್ ಕೇಬಲ್ ಟ್ಯಾಟ್-8, 1988ರ ಡಿಸೆಂಬರ್‌ನಲ್ಲಿ ಕೆಲಸ ಆರಂಭಿಸಿತು, ಒಮ್ಮೆಗೆ ಸುಮಾರು 40,000 ದೂರವಾಣಿ ಕರೆಗಳನ್ನು ಹೊರಬಲ್ಲದಾಗಿತ್ತು. ಅಮೆರಿಕದ ವರ್ಜಿನಿಯಾ ಬೀಚ್‌ನಿಂದ ಸ್ಪೇನಿನ ಬಿಲ್ಬಾವೊ ಪ್ರದೇಶಕ್ಕೆ 2017ರಲ್ಲಿ ಹಾಕಿ ಮುಗಿಸಿದ, ಸುಮಾರು 6,600 ಕಿ.ಮೀ. ಉದ್ದದ ಮರೆಯಾ ಕೇಬಲ್ಲಿನಲ್ಲಿರುವುದು ಎಂಟೇ ಜೋಡಿ ಎಳೆಗಳು. ಅದನ್ನು ರೂಪಿಸಿದ್ದು ಸೆಕೆಂಡಿಗೆ 160 ಲಕ್ಷ ಕೋಟಿ ಬಿಟ್ ಸಾಗಿಸಲು.

ಎಷ್ಟೇ ಶುದ್ಧವಾದ ಗಾಜಾದರೂ ಸಾಗರದುದ್ದಕ್ಕೆ ಬೆಳಕು ತಾನಾಗಿ ಉಳಿಯದು. ಆದ್ದರಿಂದ 60ರಿಂದ 100 ಕಿ.ಮೀ.ಗೆ ಒಂದರಂತೆ ಕೇಬಲ್ಲಿನ ನಡುವೆ ರಿಪೀಟರ್‌ಗಳನ್ನು ಕೂರಿಸುತ್ತಾರೆ. ಅವುಗಳೊಳಗೆ ಎರ್ಬಿಯಂ ಎಂಬ ಧಾತು ಬೆರೆಸಿದ ತುಸು ಉದ್ದದ ಫೈಬರ್ ಇರುತ್ತದೆ. ಬೇರೊಂದು ಲೇಸರಿನಿಂದ ಚೈತನ್ಯ ಪಡೆದ ಎರ್ಬಿಯಂ ಪರಮಾಣುಗಳು, ಬಳಲಿ ಬಂದ ಸಂಕೇತ ತಮ್ಮನ್ನು ಹಾದುಹೋಗುವಾಗ ಅದೇ ಬಣ್ಣದ, ಅದೇ ಲಯದ ಬೆಳಕನ್ನು ಅದಕ್ಕೆ ಸೇರಿಸುತ್ತವೆ. ಆ ಲೇಸರಿಗೆ ಬೇಕಾದ ವಿದ್ಯುತ್ತು ದಡದಿಂದಲೇ ಬರಬೇಕು. ನೀವು ಈಗಷ್ಟೇ ನೋಡಿದ ತಾಮ್ರದ ಕೊಳವೆ ಇರುವುದು ಅದಕ್ಕೆ. ಉದ್ದದ ಕೇಬಲ್‌ಗಳಲ್ಲಿ ಹರಿಯುವ ವಿದ್ಯುತ್ತು ಒಂದು ಆಂಪಿಯರಿನ ಆಸುಪಾಸಿನದ್ದಾದರೂ ಅದನ್ನು ನೂಕಲು ಹತ್ತು ಸಾವಿರ ವೋಲ್ಟ್‌ಗಳಷ್ಟು ಒತ್ತಡ ಬೇಕಾಗುತ್ತದೆ, ಮರಳುವ ದಾರಿಯಾಗಿ ಸಮುದ್ರದ ನೀರೇ ಒದಗುತ್ತದೆ.

ಕೇಬಲ್ ಕಡಿಯುವ ಘಟನೆಗಳು ಕೆಲವೊಮ್ಮೆ ಭೂಮಿಯ ಬಗ್ಗೆಯೇ ನಮಗೆ ಪಾಠ ಹೇಳಿವೆ. 1929ರ ನವೆಂಬರ್ 18ರಂದು ನ್ಯೂಫೌಂಡ್‌ಲ್ಯಾಂಡಿನ ದಕ್ಷಿಣಕ್ಕೆ ಗ್ರ್ಯಾಂಡ್ ಬ್ಯಾಂಕ್ಸ್ ಬಳಿ ಭೂಕಂಪವಾಯಿತು, ಅದರ ಬೆನ್ನಿಗೇ ಎದ್ದ ಸುನಾಮಿ ಕರಾವಳಿಯ ಹಳ್ಳಿಗಳಲ್ಲಿ ಜನರನ್ನು ಬಲಿ ತೆಗೆದುಕೊಂಡಿತು. ಅಲ್ಲಿ ಹಾದುಹೋಗಿದ್ದ ಟೆಲಿಗ್ರಾಫ್ ಕೇಬಲ್‌ಗಳಲ್ಲಿ ಹನ್ನೆರಡು ಕಡಿದವು. ಹತ್ತಿರದವು ಕೂಡಲೇ ಕಡಿದರೆ, ಇಳಿಜಾರಿನ ಕೆಳಗಿದ್ದವು ಒಂದಾದ ಮೇಲೊಂದರಂತೆ, ಆಳದ ಕಡೆಗೆ ಸಾಗುತ್ತ, ಮುಂದಿನ 13 ಗಂಟೆಗಳಲ್ಲಿ ಕಡಿದವು. ಟೆಲಿಗ್ರಾಫ್ ಕಚೇರಿಗಳಲ್ಲಿ ಪ್ರತಿ ಕಡಿತದ ಸಮಯವೂ ನಿಮಿಷದ ನಿಖರತೆಯಲ್ಲಿ ದಾಖಲಾಗಿತ್ತು. ಬ್ರೂಸ್ ಹೀಜನ್ ಮತ್ತು ಮಾರಿಸ್ ಯೂಯಿಂಗ್ 1952ರಲ್ಲಿ ಆ ಸಮಯಗಳನ್ನೂ ದೂರಗಳನ್ನೂ ಜೋಡಿಸಿ ನೋಡಿ, ಭೂಕಂಪಕ್ಕೆ ಕುಸಿದ ಕೆಸರು ನೀರಿನೊಡನೆ ಬೆರೆತು ಸಮುದ್ರತಳದಲ್ಲಿ ಭಾರಿ ವೇಗದ ಪ್ರವಾಹವಾಗಿ ಹರಿಯಿತು ಎಂದು ತೋರಿಸಿದರು. ಕಡಲಡಿಯಲ್ಲಿ ಅಂಥ ಪ್ರವಾಹಗಳಿವೆ ಎಂಬ ಮಾತಿಗೆ ಗಟ್ಟಿ ಸಾಕ್ಷ್ಯ ಸಿಕ್ಕಿದ್ದು ಕಡಿದ ಕೇಬಲ್‌ಗಳಿಂದ.

ಇದೇ ಬಗೆಯ ಪ್ರವಾಹ ಒಂದಿಡೀ ದೇಶದ ಬಾಯಿ ಕಟ್ಟಿಸಿದ್ದು 2022ರಲ್ಲಿ. ದಕ್ಷಿಣ ಪೆಸಿಫಿಕ್‌ನ ಟೋಂಗಾ ಸುಮಾರು ಒಂದು ಲಕ್ಷ ಜನರ ದ್ವೀಪರಾಷ್ಟ್ರ. ಅದನ್ನು ಹೊರಜಗತ್ತಿಗೆ ಜೋಡಿಸಿದ್ದು ಫಿಜಿಯ ಸುವಾ ನಗರದವರೆಗಿನ, 827 ಕಿ.ಮೀ. ಉದ್ದದ, 2013ರಲ್ಲಿ ಬಳಕೆಗೆ ಬಂದ ಒಂದೇ ಒಂದು ಕೇಬಲ್. 2019ರ ಜನವರಿಯಲ್ಲೂ ಅದು ಕಡಿದು ದೇಶ ಸುಮಾರು ಎರಡು ವಾರ ಪರದಾಡಿತ್ತು. 2022ರ ಜನವರಿ 15ರಂದು ಹುಂಗಾ ಟೋಂಗಾ-ಹುಂಗಾ ಹಾಪೈ ಜ್ವಾಲಾಮುಖಿ ಸಿಡಿದಾಗ, ಆಕಾಶಕ್ಕೇರಿದ ಬೂದಿ ಮತ್ತು ಕಲ್ಲುಗಳ ರಾಶಿ ಮರಳಿ ಸಮುದ್ರಕ್ಕೆ ಬಿದ್ದು, ಕಡಿದಾದ ಇಳಿಜಾರಿನಲ್ಲಿ ತಳದುದ್ದಕ್ಕೂ ನುಗ್ಗಿತು. ಮೊದಲು ದ್ವೀಪಗಳ ನಡುವಿನ, ದೇಶದೊಳಗಿನ ಕೇಬಲ್, ಅದಾದ ಮೇಲೆ ಫಿಜಿಯ ಕೇಬಲ್ ಕಡಿದವು. ಎರಡು ಕಡಿತಗಳ ಸಮಯದಿಂದ ಲೆಕ್ಕ ಹಾಕಿದ ವಿಜ್ಞಾನಿಗಳಿಗೆ ಸಿಕ್ಕ ವೇಗ ಗಂಟೆಗೆ 122 ಕಿ.ಮೀ.

ಟೋಂಗಾದ ಜನ ಹೆಚ್ಚಿನ ಸಂಖ್ಯೆಯಲ್ಲಿ ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಲ್ಲಿ ದುಡಿಯುತ್ತಾರೆ. ಊರಿನ ಮೇಲೆ ಸುನಾಮಿ ಹಾದುಹೋಗಿದೆ ಎಂಬುದಷ್ಟೇ ಅವರಿಗೆ ತಿಳಿದಿತ್ತು; ಮನೆಯವರು ಬದುಕಿದ್ದಾರೆಯೇ ಎಂಬುದು ತಿಳಿಯಲು ಅನೇಕರು ದಿನಗಟ್ಟಲೆ ಕಾಯಬೇಕಾಯಿತು. ಗಲ್ಫಿನಲ್ಲಿ ದುಡಿಯುವ ಮಗ ಅಥವಾ ಅಮೆರಿಕದಲ್ಲಿರುವ ಮಗಳು ಇರುವ ನಮ್ಮ ಮನೆಗಳಲ್ಲಿ ಆ ಕಳವಳದ ತೂಕವನ್ನು ಊಹಿಸುವುದು ಕಷ್ಟವಲ್ಲ. ಉಪಗ್ರಹಗಳಿರುವಾಗ ಕೇಬಲ್ ಏಕೆ ಎಂದು ಕೇಳುವವರಿಗೂ ಇಲ್ಲಿಯೇ ಉತ್ತರವಿದೆ. ಆ ವಾರಗಳಲ್ಲಿ ಟೋಂಗಾವನ್ನು ಕಾಪಾಡಿದ್ದು ಉಪಗ್ರಹ ಸಂಪರ್ಕವೇ, ಆದರೆ ಅದು ದೇಶದ ಅಗತ್ಯದ ಒಂದು ಸಣ್ಣ ಪಾಲನ್ನಷ್ಟೇ ಪೂರೈಸಿತು. ಖಂಡಗಳ ನಡುವಿನ ದತ್ತಾಂಶದಲ್ಲಿ ಶೇ. 95ಕ್ಕೂ ಹೆಚ್ಚು ಇಂದಿಗೂ ಹರಿಯುವುದು ಕಡಲಡಿಯ ಗಾಜಿನಲ್ಲಿ.

ದುರಸ್ತಿ ನಡೆಯುವ ಬಗೆಯನ್ನು ಈಗ ವಿವರಿಸುತ್ತೇನೆ. ಮೊದಲ ಹೆಜ್ಜೆ ದಡದ ಕೇಂದ್ರದಲ್ಲಿ. ಎಳೆಯೊಳಗೆ ಬೆಳಕಿನ ಒಂದು ಕಿರುಮಿಡಿತವನ್ನು ಬಿಟ್ಟು, ಅದರಲ್ಲಿ ಹಿಂದಕ್ಕೆ ಚದುರಿ ಬರುವ ಬೆಳಕನ್ನು ಅಳೆಯುತ್ತಾರೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಟೋಂಗಾದ ಕೇಬಲ್ ಕಡಿದಿದೆ ಎಂದು ಅಂದಾಜಿಸಿದ್ದು ದಡದಿಂದ ಸುಮಾರು 37 ಕಿ.ಮೀ. ದೂರದಲ್ಲಿ. ಅಷ್ಟು ದೂರ ಬೆಳಕು ಹೋಗಿ ಮರಳಲು ಬೇಕಾದದ್ದು 370 ಮೈಕ್ರೋಸೆಕೆಂಡ್, ಆದರೆ ಅದೇ ಸ್ಥಳಕ್ಕೆ ಹಡಗು ತಲುಪಲು ವಾರಗಳು ಬೇಕಾದವು. ಪಪುವಾ ನ್ಯೂಗಿನಿಯ ಪೋರ್ಟ್ ಮೋರ್ಸ್‌ಬಿಯಲ್ಲಿದ್ದ ರಿಲಯನ್ಸ್ ಎಂಬ ದುರಸ್ತಿ ಹಡಗು ಬದಲಿ ಕೇಬಲ್ ತುಂಬಿಕೊಂಡು ಬರಬೇಕಾಯಿತು.

ಆಳದಲ್ಲಿ ಬಿದ್ದಿರುವ ಕೇಬಲ್ಲನ್ನು ಎತ್ತಲು ಇಂದಿಗೂ ಕೊಕ್ಕೆಯನ್ನೇ ಇಳಿಬಿಡುತ್ತಾರೆ ಎಂದರೆ ನಿಮಗೆ ಅಚ್ಚರಿಯಾಗಬಹುದು. ಆಳ ಕಡಿಮೆಯಿದ್ದಲ್ಲಿ ದೂರನಿಯಂತ್ರಿತ ಯಂತ್ರಗಳು ಇಳಿಯುತ್ತವೆ, ಹೆಚ್ಚಿನ ಆಳದಲ್ಲಿ 1866ರ ವಿಧಾನವೇ ಮುಂದುವರಿದಿದೆ. ಬಿಗಿಯಾಗಿ ಮಲಗಿರುವ ಕೇಬಲ್ ಮೇಲಿನವರೆಗೆ ಬಾಗಿ ಬರಲಾರದಾದ್ದರಿಂದ, ಅಲಗುಳ್ಳ ಕೊಕ್ಕೆಯಿಂದ ಅದನ್ನು ಪೂರ್ತಿ ಕತ್ತರಿಸಿ ಒಂದು ತುದಿಯನ್ನು ಮೇಲೆತ್ತುತ್ತಾರೆ. ಅದು ದಡದವರೆಗೆ ಸರಿಯಾಗಿದೆಯೇ ಎಂದು ಪರೀಕ್ಷಿಸಿ, ನೀರು ಹೋಗದಂತೆ ಮುಚ್ಚಿ, ತೇಲುವ ಬೋಯಾಕ್ಕೆ ಕಟ್ಟಿ ಬಿಡುತ್ತಾರೆ. ಆಮೇಲೆ ಇನ್ನೊಂದು ತುದಿಯನ್ನು ಎತ್ತಿ, ಅದಕ್ಕೆ ಹೊಸ ಕೇಬಲ್ ಜೋಡಿಸಿ, ಬೋಯಾದ ಕಡೆಗೆ ಬಿಚ್ಚುತ್ತ ಬಂದು ಕೊನೆಯ ಬೆಸುಗೆ ಹಾಕುತ್ತಾರೆ. ಟೋಂಗಾದಲ್ಲಿ ಪ್ರವಾಹ ಕೇಬಲ್ಲನ್ನು ಹಲವು ತುಂಡು ಮಾಡಿ ಹೂತುಹಾಕಿತ್ತು. 80 ಕಿ.ಮೀ.ಗೂ ಹೆಚ್ಚು ಉದ್ದದ ಭಾಗವನ್ನು ಬದಲಿಸಬೇಕಾಗಿ ಬಂದು, ತಮ್ಮ ದಾಸ್ತಾನು ಸಾಲದೆ ಬೇರೆಯವರಿಂದಲೂ ಕೇಬಲ್ ಪಡೆದರು. ಫೆಬ್ರವರಿ 22ರಂದು, ಐದು ವಾರಗಳ ಮೇಲೆ, ಸಂಪರ್ಕ ಮರಳಿತು. ದ್ವೀಪಗಳ ನಡುವಿನ ಕೇಬಲ್ಲಿನ ದುರಸ್ತಿಗೆ ಸುಮಾರು ಒಂದೂವರೆ ವರ್ಷ ಹಿಡಿಯಿತು.

ಬೆಸುಗೆಯ ಕೆಲಸವನ್ನು ನಾನು ನೆಲದ ಮೇಲೆ ವರ್ಷಗಟ್ಟಲೆ ಮಾಡಿದ್ದೇನೆ. ರಸ್ತೆ ಅಗೆಯುವ ಯಂತ್ರ ಕೇಬಲ್ ಕಿತ್ತಾಗ, ರಾತ್ರಿಯ ಹೊತ್ತು ಗುಂಡಿಯ ಪಕ್ಕ ಟಾರ್ಪಾಲಿನ್ ಕಟ್ಟಿಕೊಂಡು ಕುಳಿತಿದ್ದೇನೆ. ಎಳೆಯ ಮೇಲಿನ ಬಣ್ಣದ ಲೇಪನವನ್ನು ಸ್ಟ್ರಿಪ್ಪರಿನಿಂದ ಸುಲಿದು, ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿದರೆ ಬರಿಯ ಗಾಜು ಸಣ್ಣಗೆ ಕೀಚಲು ಸದ್ದು ಮಾಡುತ್ತದೆ. ಆ ಸದ್ದು ಕೇಳಿದರೆ ಶುಚಿಯಾಯಿತೆಂದು ಅರ್ಥ. ಕ್ಲೀವರಿನಲ್ಲಿ ತುದಿಯನ್ನು ನೇರವಾಗಿ ಕತ್ತರಿಸಿ, ಎರಡು ತುದಿಗಳನ್ನು ಸ್ಪ್ಲೈಸಿಂಗ್ ಯಂತ್ರದಲ್ಲಿ ಎದುರುಬದುರು ಇಟ್ಟಾಗ, ಪರದೆಯ ಮೇಲೆ ಅವು ಎರಡು ಕಂಬಗಳಂತೆ ದೊಡ್ಡದಾಗಿ ಕಾಣುತ್ತವೆ. ಹೊರವ್ಯಾಸ 125 ಮೈಕ್ರಾನ್, ಬೆಳಕು ಹರಿಯುವ ತಿರುಳು ಹತ್ತು ಮೈಕ್ರಾನಿಗೂ ಕಡಿಮೆ. ಈ ತಿರುಳುಗಳು ಒಂದರ ಎದುರಿಗೊಂದು ಬರಬೇಕು. ಕಿಡಿ ಹೊಳೆದು ಗಾಜು ಕರಗಿ ಬೆಸೆದು, 0.02 ಡೆಸಿಬೆಲ್ ನಷ್ಟ ಎಂದು ಪರದೆ ತೋರಿಸಿದಾಗ ಮೈಮೇಲಿನ ಭಾರ ಇಳಿದಂತಾಗುತ್ತಿತ್ತು. ಗಾಳಿಗೆ ಹಾರಿ ಬಂದ ಧೂಳಿನ ಒಂದು ಕಣ ಸಾಕು, ಎಲ್ಲವನ್ನೂ ಮತ್ತೆ ಮಾಡಬೇಕು. ಹಡಗಿನ ಜೋಡಣೆಗಾರರು ಇದೇ ಕೆಲಸವನ್ನು ತೂಗಾಡುವ ಕೋಣೆಯಲ್ಲಿ ಮಾಡುತ್ತಾರೆ. ಹೊರಗೆ ಅಲೆ, ಗಾಳಿಗಳ ನಡುವೆ ಹಡಗು ಯಂತ್ರಬಲದಿಂದ ಒಂದೇ ಸ್ಥಳದಲ್ಲಿ ನಿಂತಿರಬೇಕು. ಬೆಸೆದ ಮೇಲೆ ಪಾಲಿಥಿನ್ ಅಚ್ಚು ಹಾಕಿ, ಅದರಲ್ಲಿ ಗುಳ್ಳೆ ಉಳಿದಿಲ್ಲವೆಂದು ಎಕ್ಸ್-ರೇ ತೆಗೆದು ಖಚಿತಪಡಿಸಿಕೊಳ್ಳುತ್ತಾರೆ, ಏಕೆಂದರೆ ಸಾವಿರಾರು ವೋಲ್ಟ್‌ಗಳ ವಿದ್ಯುತ್ತನ್ನು ನೀರಿನಿಂದ ಬೇರ್ಪಡಿಸುವುದು ಆ ಅಚ್ಚು ಮಾತ್ರ. ಅವರ ಮೇಲೆ ನನಗಿರುವ ಗೌರವ ಮಾತಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ.

ಕೌಶಲವಿದ್ದರೂ ಹಡಗು ತಲುಪಲಾಗದ ಸ್ಥಿತಿ ಒದಗುವುದುಂಟು. 2024ರ ಫೆಬ್ರವರಿಯಲ್ಲಿ ಯೆಮೆನ್‌ನ ಹೂತಿ ಬಂಡುಕೋರರ ದಾಳಿಗೆ ಸಿಕ್ಕ ರೂಬಿಮಾರ್ ಎಂಬ ಸರಕು ಹಡಗು ಕೆಂಪು ಸಮುದ್ರದಲ್ಲಿ ಲಂಗರು ಎಳೆದುಕೊಂಡು ದಿನಗಟ್ಟಲೆ ತೇಲಿತು. ಆ ಅವಧಿಯಲ್ಲಿ ಮೂರು ಕೇಬಲ್‌ಗಳು ಕಡಿದವು. ಯುದ್ಧದ ನಡುವೆ ಅನುಮತಿ ಪಡೆದು ದುರಸ್ತಿ ಮಾಡಲು ತಿಂಗಳುಗಳೇ ಬೇಕಾದವು. ಭಾರತದಿಂದ ಯುರೋಪಿಗೆ ಹೋಗುವ ಕೇಬಲ್‌ಗಳ ಹೆದ್ದಾರಿ ಅದೇ ಕಡಲು. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಕೇಬಲ್ ಕಡಿದಾಗ ನಮ್ಮ ದೇಶದ ಪಶ್ಚಿಮದಿಕ್ಕಿನ ಸಂಪರ್ಕ ಬಹುಮಟ್ಟಿಗೆ ಕುಸಿದು, ದಟ್ಟಣೆಯನ್ನು ಪೂರ್ವದಿಕ್ಕಿನ ಕೇಬಲ್‌ಗಳ ಕಡೆಗೆ, ಪೆಸಿಫಿಕ್ ಸುತ್ತಿಕೊಂಡು ಹೋಗುವಂತೆ ತಿರುಗಿಸಬೇಕಾಗಿತ್ತು.

ನಮ್ಮ ಅಂತಾರಾಷ್ಟ್ರೀಯ ಕೇಬಲ್‌ಗಳು ದಡ ಸೇರುವುದು ಮುಂಬೈ, ಚೆನ್ನೈ, ಕೊಚ್ಚಿ, ತೂತ್ತುಕುಡಿ ಮತ್ತು ತಿರುವನಂತಪುರಗಳಲ್ಲಿ. ಬೆಂಗಳೂರಿನ ಕಚೇರಿಗಳಿಂದ ಹೊರಡುವ ಪ್ರತಿ ಅಕ್ಷರವೂ ಮೊದಲು ನೆಲದ ಮೇಲೆ ಆ ಊರುಗಳನ್ನು ತಲುಪಿ ಆಮೇಲೆ ಕಡಲಿಗಿಳಿಯುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2023ರ ತನ್ನ ಶಿಫಾರಸುಗಳಲ್ಲಿ ಭಾರತದ ಧ್ವಜ ಹೊತ್ತ ದುರಸ್ತಿ ಹಡಗುಗಳ ಅಗತ್ಯವನ್ನು ಎತ್ತಿ ಹೇಳಿತು. ಇಷ್ಟು ದೊಡ್ಡ ಕರಾವಳಿಯ ದೇಶ ಪ್ರತಿ ಕಡಿತಕ್ಕೂ ಪರದೇಶದ ಹಡಗಿನ ಸರದಿ ಕಾಯುವುದು ಸರಿಯಲ್ಲ ಎಂದೇ ನಾನೂ ಭಾವಿಸುತ್ತೇನೆ.

ಕರಾವಳಿಯಿಂದ ಬಂದವರು ಇಲ್ಲಿ ಕೆಲವರಿದ್ದೀರಿ, ಅವರಿಗೆ ಒಂದು ವಿನಂತಿ ಇದೆ. ಮಲ್ಪೆ, ಮಂಗಳೂರಿನ ಆಳಸಮುದ್ರ ಬೋಟುಗಳು ಮಹಾರಾಷ್ಟ್ರದ ಕಡಲಿನವರೆಗೂ ಹೋಗುತ್ತವೆ. ಟ್ರಾಲ್ ಬಲೆಯ ಬಾಯಿ ಅಗಲಿಸುವ ಭಾರದ ಹಲಗೆಗಳು ತಳವನ್ನು ಉಜ್ಜುತ್ತ ಸಾಗುತ್ತವೆ, ಅವು ಕೇಬಲ್ಲಿಗೆ ಸಿಕ್ಕಿಬಿದ್ದರೆ ಕೇಬಲ್ಲಿಗಷ್ಟೇ ಅಲ್ಲದೆ ಬೋಟಿಗೂ ಅಪಾಯ. ದುರಸ್ತಿಯಾದ ಕೇಬಲ್ ಮೊದಲಿನ ದಾರಿಯಲ್ಲಿ ಇರುವುದಿಲ್ಲ. ಎರಡೂ ತುದಿಗಳನ್ನು ನೀರಿನ ಮೇಲಕ್ಕೆ ತಂದು ಜೋಡಿಸಿದ್ದರಿಂದ ಅದರ ಉದ್ದ ಹೆಚ್ಚಿರುತ್ತದೆ, ಆ ಹೆಚ್ಚುವರಿ ಉದ್ದವನ್ನು ಹಡಗು ಪಕ್ಕಕ್ಕೆ ಸರಿದು ಒಂದು ದೊಡ್ಡ ಬಳುಕಾಗಿ ತಳದ ಮೇಲೆ ಇಳಿಸುತ್ತದೆ. ಹೊಸ ಬಳುಕಿನ ಅಕ್ಷಾಂಶ, ರೇಖಾಂಶಗಳು ನಾವಿಕರ ನಕ್ಷೆಗೆ ಸೇರುತ್ತವೆ. ಆ ನಕ್ಷೆಯ ಗುರುತು ಬೋಟಿನ ತಂಡೇಲನ ಜಿಪಿಎಸ್ ಪರದೆಯವರೆಗೆ, ಅವನಿಗೆ ತಿಳಿಯುವ ಭಾಷೆಯಲ್ಲಿ, ಅವನು ಬಲೆ ಇಳಿಸುವ ಮೊದಲೇ ತಲುಪಬೇಕು. ನಿಮ್ಮ ಊರಿನ ಮೀನುಗಾರರ ಸಂಘಗಳಲ್ಲಿ ಈ ಮಾತನ್ನು ಎತ್ತಿ, ಮೀನುಗಾರಿಕಾ ಇಲಾಖೆಯಿಂದ ಆ ಮಾಹಿತಿಯನ್ನು ಕೇಳಿ ಪಡೆಯಿರಿ.